ರೊಸೇರನ ಕರೆಂಟು ಕಾವಲು
ಶಿಕುಟಿಮಿ ಊರಿನಲ್ಲಿ ಹಿಮ ಬಿತ್ತೆಂದರೆ ರೊಸೇರ್ ಬೊಲ್ಯೂ ತನ್ನ ಮನೆಯ ಕರೆಂಟಿಗೆ ಕಾವಲು ನಿಂತನೆಂದೇ ಲೆಕ್ಕ. ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕುತ್ತಾನೆ, ಯಾರೂ ಇಲ್ಲದ ಕೋಣೆಯ ಹೀಟರ್ ಆರಿಸುತ್ತಾನೆ, ಮತ್ತೆ ಮತ್ತೆ ಹೋಗಿ ಮೀಟರು ನೋಡುತ್ತಾನೆ. ಬಟ್ಟೆ ಒಣಗಿಸುವ ಯಂತ್ರದ ಸದ್ದು ಕೇಳಿದರಂತೂ ಊಟ ಬಿಟ್ಟು ಏಳುತ್ತಾನೆ. "ಇನ್ನೊಂದು ಸ್ವೆಟರ್ ಹಾಕ್ಕೊಳ್ಳೇ" ಎನ್ನುವುದು ಅವನ ಮಂತ್ರ. "ಮೂರು ಹಾಕ್ಕೊಂಡಿದೀನಿ ಮಾರಾಯಾ, ಮೊಣಕೈ ಮಡಚೋಕೇ ಆಗ್ತಿಲ್ಲ" ಎಂದು ಹೆಂಡತಿ ಜಿನೆಟ್ ರೇಗುತ್ತಾಳೆ. ಚಳಿ ಮಿತಿಮೀರಿ ಊರಿಗೆ ಊರೇ ಹೀಟರ್ ಉರಿಸುವ ಬೆಳಿಗ್ಗೆ ಅವನು ಬೀದಿಯ ಮನೆಮನೆ ಬಾಗಿಲು ತಟ್ಟುತ್ತಾನೆ: "ಪಾತ್ರೆ ತೊಳೆಯೋ ಮಷೀನು ಆಮೇಲೆ ಹಾಕ್ರಪ್ಪಾ, ಲೋಡು ಜಾಸ್ತಿಯಾಗಿ ಲೈನು ಹೋದ್ರೆ ಎಲ್ರೂ ಮಂಜುಗಡ್ಡೆ!" "ಬಂದ ನೋಡು ಕತ್ತಲೆ ಮಂತ್ರಿ" ಎಂದು ನಗುತ್ತಲೇ ಜನ ಸ್ವಿಚ್ ಆರಿಸುತ್ತಾರೆ. ಬೀದಿಯ ಕೊನೆಯ ಮನೆ ಮುದುಕಿ ಒಡೀಲಳದು. ಅವಳು ಉಸಿರಾಡುವುದೇ ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರದಿಂದ. ಹೋದ ಚಳಿಗಾಲ ಲೈನು ಹೋದಾಗ ಅವಳ ತುಟಿ ನೀಲಿಗಟ್ಟಿದ್ದನ್ನು ರೊಸೇರ್ ಕಣ್ಣಾರೆ ಕಂಡಿದ್ದ. "ನಾನೂ ಹೀಟರ್ ಆರಿಸ್ಲೇನೋ?" ಎಂದು ಅವಳು ಕೇಳಿದರೆ, ಅವನು ತಾನೇ ಬಗ್ಗಿ ಅದರ ಕಾವನ್ನು ಇನ್ನಷ್ಟು ಏರಿಸಿ, "ನೀವು ಬೆಚ್ಚಗಿರಿ ಒಡೀಲಮ್ಮ, ಆರಿಸೋಕೆ ನಾವೆಲ್ಲ ಇದೀವಿ" ಎನ್ನುತ್ತಾನೆ.