ಸರಕಾರಿ ಗಾಣಕ್ಕೆ ಒಗ್ಗದ ಬೊಳ್ಳ

ವೇಣೂರಿನ ನಮ್ಮ ಸೊಸೈಟಿಗೆ ಸರಕಾರ ಹೊಸ ನಮೂನೆಯ ಎಣ್ಣೆಗಾಣ ಕೊಟ್ಟಿತು. ಹಳೆ ಗಾಣದಲ್ಲಿ ಎಡಕ್ಕೆ ಸುತ್ತಿ ಅಭ್ಯಾಸವಾದ ನಮ್ಮ ಎತ್ತು ಬೊಳ್ಳ ಇದರಲ್ಲಿ ಬಲಕ್ಕೆ ಸುತ್ತಲು ಒಪ್ಪಲೇ ಇಲ್ಲ. ಅಷ್ಟರಲ್ಲಿ ಗಾಣದ ಕೆಲಸ ನೋಡಲು ಬೆಳ್ತಂಗಡಿಯಿಂದ ಇನ್ಸ್‌ಪೆಕ್ಟರು ಬಂದರು.

"ಇವತ್ತು ಎಣ್ಣೆ ಬಾರದಿದ್ದರೆ ಗಾಣ ಮೂಡಬಿದಿರೆಗೆ ಹೋಗ್ತದೆ," ಎಂದರು.

ಗಾಣ ನಡೆಸುವ ಐತಪ್ಪಣ್ಣನ ಮುಖ ಹಿಂಡಿಯ ಹಾಗಾಯಿತು. ನನಗೆ ಬಾಯಿ ತಡೆಯಲಿಲ್ಲ.

"ಸಾರ್, ನಮ್ಮ ಮೇಲೆ ಈ ಎತ್ತಿಗೆ ಕೋಪ ಉಂಟು. ನೀವು ಹಲಸಿನ ಸಿಪ್ಪೆ ತೋರಿಸಿ ಮುಂದೆ ನಡೆದರೆ ಬರ್ತದೆ."

"ಬಾಯಿ ಮುಚ್ಚು ಮಾರಾಯ!" ಎಂದ ಐತಪ್ಪಣ್ಣ.

ಇನ್ಸ್‌ಪೆಕ್ಟರು ನಿಜವಾಗಿಯೂ ಸಿಪ್ಪೆ ಹಿಡಿದು ಮುಂದೆ ನಡೆದರು. ಬೊಳ್ಳ ಅವರ ಪ್ಯಾಂಟಿಗೆ ಜೊಲ್ಲು ಸುರಿಸುತ್ತಾ ಬಲಕ್ಕೇ ಸುತ್ತಿತು. ಎಣ್ಣೆ ಬಂತು, ಗಾಣ ಉಳಿಯಿತು.

ಈಗ ಬೊಳ್ಳ ಮುಂದೆ ಪ್ಯಾಂಟು ಕಾಣದೆ ಹೆಜ್ಜೆ ಎತ್ತುವುದಿಲ್ಲ. ಊರಲ್ಲಿ ಪ್ಯಾಂಟು ಹಾಕುವವರು ಪೋಸ್ಟ್‌ಮಾಸ್ಟರು ಒಬ್ಬರೇ. ಅವರು ನಮ್ಮ ದಾರಿಯಲ್ಲಿ ಬರುವುದನ್ನೇ ಬಿಟ್ಟಿದ್ದಾರೆ.