ಮೊದಲು ಯಾರು ಇಳೀಬೇಕು

ನಾನು ಚಿಕ್ಕವಳಿದ್ದಾಗ ನಮ್ಮ ಹರಗೋಲನ್ನು ಹೊಳೆ ಒಯ್ದಿತು ಅಂತ ಊರವರು ಈಗಲೂ ಹೇಳುತ್ತಾರೆ. ಹೊಳೆದೇನೂ ತಪ್ಪಿಲ್ಲ. ಇಬ್ಬರು ಗಂಡಸರು ನೀ ಮೊದಲು ಇಳಿ, ನೀ ಮೊದಲು ಇಳಿ ಅಂತ ಹಟ ಹಿಡಿದು ಅದನ್ನು ಕಳೆದರು.

ಹರಗೋಲು ಅಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತೊಗಲಿನ ಹೊದಿಕೆ. ಅಪ್ಪ ಅದರಲ್ಲಿ ಮಂದಿಯನ್ನು ಹಂಪಿಯಿಂದ ಆನೆಗೊಂದಿ ದಂಡೆಗೆ ದಾಟಿಸುತ್ತಿದ್ದ. ನಮ್ಮ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ಸೋರಿ ಬಂದ ನೀರನ್ನು ತಂಬಿಗೆಯಿಂದ ಎತ್ತಿ ಚೆಲ್ಲೋದು ನನ್ನ ಕೆಲಸ.

ಆ ದಿನ ಹೊಸಪೇಟೆ ಡ್ಯಾಮಿನ ಗೇಟು ತೆಗೆದಿದ್ದರು. ಹೊಳೆ ಕೆಂಪಗೆ ಏರುತ್ತಿತ್ತು, ಹಸಿ ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಇದೊಂದು ಸಲ ದಾಟಿಸಿ ಸಾಕುಮಾಡುತ್ತೀನಿ ಅಂತ ಅಪ್ಪ ಒಬ್ಬ ಮುದಿ ಫ್ರೆಂಚ್ ಸಾಹೇಬನನ್ನೂ ಅವನ ಗೈಡನ್ನೂ ಹತ್ತಿಸಿಕೊಂಡ. ನಡುಹೊಳೆಯಲ್ಲಿ ಗೈಡ್ ಸುಮ್ಮನಿರಬಾರದೇ? "ಇವರು ಯುದ್ಧದಾಗ ಹಡಗಿನ ಕಮಾಂಡರ್ ಇದ್ರು. ವೈರಿ ಕೈಗೆ ಸಿಗಬಾರ್ದು ಅಂತ ತಮ್ಮ ಹಡಗು ತಾವೇ ಮುಳುಗಿಸಿದ್ರು" ಅಂದ.

ನೀರಿನ ಮೇಲೆ ನಾವು 'ಮುಳುಗು' ಅನ್ನೋ ಮಾತು ಆಡೋದಿಲ್ಲ. ಆಡಲೇಬೇಕಾದರೆ 'ನೀರು ಕುಡಿಯಿತು' ಅಂತೀವಿ. ಅಪ್ಪನ ಕೈಯಲ್ಲಿ ಹುಟ್ಟು ನಿಂತೇ ಹೋಯಿತು. ಹರಗೋಲು ಗರಗರ ತಿರುಗುತ್ತ ಬಂಡೆ ಕಡೆ ಸರಿಯಿತು. ನಾನು ತಂಬಿಗೆ ಬಿಟ್ಟು ಅಂಚು ಹಿಡಿದೆ.

"ತನ್ನ ಹಡಗೇ ಉಳಿಸಲಿಲ್ಲ, ನನ್ನ ಹರಗೋಲು ಉಳಿಸ್ತಾನೇನು? ಇವನ್ನ ಆ ಬಂಡೆ ಮ್ಯಾಲೆ ಇಳಿಸಿಬಿಡ್ತೀನಿ" ಅಂದ ಅಪ್ಪ.

"ಹುಚ್ಚು ಹಿಡದೈತೇನಲೇ? ಹುಟ್ಟು ಹಾಕು ಮೊದಲು" ಅಂತ ಗೈಡ್ ಚೀರಿದ.

"ಆ ಹಡಗಿನಾಗ ಮಂದಿ ಇದ್ರೇನು, ಕೇಳು."

ಗೈಡ್ ಕೇಳಿದ. ಸಾಹೇಬ ನನ್ನ ಕಡೆ ನೋಡುತ್ತ ಮೆಲ್ಲಗೆ ಏನೋ ಹೇಳಿದ. "ಎಲ್ಲಾರ್ನೂ ದಂಡೆಗೆ ಇಳಿಸಿ, ಕಡೀಕ ತಾವು ಇಳಿದ್ರಂತ" ಅಂದ ಗೈಡ್.

ಅಪ್ಪ ಹುಟ್ಟು ಒತ್ತಿದ. ಬಂಡೆ ಕೈಗೆ ಸಿಗುವಷ್ಟು ಹತ್ತಿರದಿಂದ ಹಾದುಹೋಯಿತು.

ದಂಡೆ ಮುಟ್ಟಿದೊಡನೆ ಗೈಡ್ ಜಿಗಿದು ದೂರ ಓಡಿದ. ಅಪ್ಪ ನನ್ನನ್ನು ಎತ್ತಿ ಇಳಿಸಿ ಅಂಚು ಹಿಡಿದಿರು ಅಂದ. ಹುಟ್ಟು ಹಿಡಿದವನು ಕಡೆಗೆ ಇಳಿಯೋದು ನಮ್ಮ ರೂಢಿ. ಸಾಹೇಬನದೂ ಅದೇ ರೂಢಿ.

"ಇಳೀರಿ ಸಾಹೇಬ್ರ."

ಅವನು ಅಪ್ಪನಿಗೇ ದಂಡೆ ತೋರಿಸಿ ಕೂತೇಬಿಟ್ಟ. ಸೆಳವು ಎಳೆಯುತ್ತಿತ್ತು, ಒದ್ದೆ ಬಿದಿರು ನನ್ನ ಬೆರಳಿನಿಂದ ಜಾರುತ್ತಿತ್ತು. ಅಪ್ಪ ಅವನ ರಟ್ಟೆ ಹಿಡಿದು ಎಳೆದ, ಅವನು ಅಪ್ಪನ ರಟ್ಟೆ ಹಿಡಿದು ಎಳೆದ. ಇಬ್ಬರೂ ಕೂಡಿಯೇ ಮೊಣಕಾಲುದ್ದ ನೀರಿಗೆ ಬಿದ್ದರು. ಹಗುರಾದ ಹರಗೋಲು ನನ್ನ ಕೈ ಬಿಡಿಸಿಕೊಂಡು ಹೋಯಿತು.

ಹಂಪಿ ನೋಡಲು ಬರುವ ನೀವು ಈಗ ಲೈಫ್ ಜಾಕೆಟ್ ತೊಟ್ಟು, ಹರಗೋಲನ್ನು ಬೇಕಂತಲೇ ತಿರುಗಿಸಿಕೊಂಡು ನಗುತ್ತ ಫೋಟೊ ತೆಗೆಸುತ್ತೀರಿ. ತೆಗೆಸಿರಿ. ನಮಗೆ ಅದು ತಿರುಗಿದರೆ ಜೀವ ಬಾಯಿಗೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಹರಗೋಲು ಹುಡುಕುತ್ತ ದಂಡೆ ಹಿಡಿದು ಕೆಳಗೆ ಕಂಪ್ಲಿ ಕಡೆ ಹೋದ. ಅದು ಸಿಗೋದಿಲ್ಲ ಅಂತ ನನಗೆ ಗೊತ್ತಿತ್ತು. ಮಚ್ಚು ತಗೊಂಡು ಹಿತ್ತಲಿಗೆ ಹೋದೆ, ಬಿದಿರು ಸೀಳಲಿಕ್ಕೆ ಕೂತೆ.