ಇಲಿಗೆ ಕೇಳಿಸದ ಹಾಗೆ

ಎರಡು ವರ್ಷದ ಮಗಳು ರಾಗಿ ಮೂಟೆಯ ಹಿಂದಿನಿಂದ ಬೆಲ್ಲದ ಉಂಡೆ ಮೆಲ್ಲುತ್ತಾ ಬಂದಳು. ನನ್ನ ಜೀವ ಬಾಯಿಗೆ ಬಂತು. ಹಿಂದಿನ ದಿನವಷ್ಟೇ ಅತ್ತೆ ರಾಬರ್ಟ್‌ಸನ್‌ಪೇಟೆಯಿಂದ ಇಲಿಪಾಷಾಣ ತರಿಸಿದ್ದರು. ದೀಪಾವಳಿಯಲ್ಲಿ ಒಂದು ಜೋಡಿ ಕಂಡಿದ್ದ ಇಲಿಗಳು ಸಂಕ್ರಾಂತಿಯ ಹೊತ್ತಿಗೆ ಮರಿ ಹಾಕಿ ಹಾಕಿ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿದ್ದ ನಮ್ಮ ಮನೆಯನ್ನೇ ತುಂಬಿದ್ದವು.

ಮಗುವಿನ ಬಾಯಿಗೆ ಬೆರಳು ಹಾಕಿ ಕಕ್ಕಿಸುತ್ತಾ ಚೀರಿದೆ. ಅತ್ತೆ ಹಿತ್ತಲಿನಿಂದ ಓಡಿಬಂದರು.

"ಅಯ್ಯೋ, ಅದ್ರಾಗೆ ಇಸ ಆಕಿಲ್ಲ ಕಣಮ್ಮ! ಮೊದ್ಲು ಇಲಿಗೆ ರುಚಿ ಅತ್ತಿಸಿ, ನಾಳೆ ಆಕೋಣ ಅಂತಿದ್ದೆ."

ಕೂತಲ್ಲೇ ಅತ್ತುಬಿಟ್ಟೆ. "ಒಂದು ಮಾತು ಏಳ್ಬಾರದಾ ಅತ್ತೆ?"

"ಬಾಯಿಬಿಟ್ಟು ಏಳಿದ್ರೆ ಇಲಿ ಕೇಳುಸ್ಕೊಂಡು ಉಸಾರಾಗಲ್ವಾ?" ಎಂದರು. ಹಾಗೆ ಎನ್ನುತ್ತಲೇ ಸೆರಗಿನಿಂದ ಮಗುವಿನ ಬಾಯಿಯನ್ನು ಮತ್ತೆ ಮತ್ತೆ ಒರೆಸಿದರು.

ಅಂದೇ ಪಾಷಾಣವನ್ನು ದೂರ ಹೂತು, ಬಿಲಗಳಿಗೆ ಗಾಜಿನ ಚೂರು ಬೆರೆಸಿದ ಮಣ್ಣು ಮೆತ್ತಿ, ರಾಗಿಯನ್ನು ಮುಚ್ಚಳದ ಡಬ್ಬಕ್ಕೆ ಸುರಿದು, ಬೋನು ತಂದೆವು. ಆಮೇಲೆ ಅತ್ತೆ ಬೋನಿಗೆ ಕೊಬ್ಬರಿ ಸಿಕ್ಕಿಸಿದಾಗಲೆಲ್ಲ ಇಡೀ ಲೈನಿಗೆ ಕೇಳುವಂತೆ ಕೂಗುತ್ತಿದ್ದರು: "ಬೋನು ಇಕ್ಕಿವ್ನಿ, ಎಲ್ರೂ ಕೇಳುಸ್ಕೊಳ್ರಪ್ಪಾ!" ಇಲಿಗಳೂ ಕೇಳಿಸಿಕೊಂಡಿರಬೇಕು. ಆದರೂ ಬಂದು ಬಿದ್ದವು.